ಪರೀಕ್ಷಾರ್ಥಿ, ಐದನೇ ನಂಬರು

ಹದಿನೆಂಟು ವರ್ಷ ನಾನು ಅವನ ಹೆಸರನ್ನು ಮೈಕಿನಲ್ಲಿ ಕೂಗಿದ್ದೆ. ಆ ಶನಿವಾರ ಮಾತ್ರ ಕೂಗುವಂತಿರಲಿಲ್ಲ.

ಎದುರಾಳಿ ತಂಡ ಬ್ಯಾಲ್‌ಫಿನ್ ರೋವರ್ಸಿನವರು ಕೊಟ್ಟ ಆಟಗಾರರ ಪಟ್ಟಿಯಲ್ಲಿ ಐದನೇ ನಂಬರಿನ ಎದುರಿಗೆ ಒಂದೇ ಪದವಿತ್ತು: ಪರೀಕ್ಷಾರ್ಥಿ. ಕರಾರಿಲ್ಲದ ಆಟಗಾರನನ್ನು ಮೂರು ಪಂದ್ಯ ಆಡಿಸಿ ನೋಡಬಹುದು, ಅಲ್ಲಿಯವರೆಗೆ ಅವನಿಗೆ ಹೆಸರಿಲ್ಲ. ನಮ್ಮ ಕೆಳಹಂತದ ಫುಟ್‌ಬಾಲ್ ಲೀಗಿನ ಪದ್ಧತಿ ಹಾಗೆ. ಸಾಮಾನ್ಯವಾಗಿ ಪರೀಕ್ಷಾರ್ಥಿಗೆ ಹತ್ತೊಂಬತ್ತು ವಯಸ್ಸು, ಮುಖದ ತುಂಬ ಮೊಡವೆ. ಇವನಿಗೆ ಮೂವತ್ತೇಳು. ನನ್ನ ಕಾಲೇಜಿನಲ್ಲಿ ಹಟ ಹಿಡಿದು ಫೇಲಾದವರು ಕೂಡ ಆ ವಯಸ್ಸಿಗೆ ಪರೀಕ್ಷೆ ಕಟ್ಟುವುದನ್ನು ಬಿಟ್ಟಿದ್ದರು.

ರಾನಲ್ಡ್ ಪಿರಿ ಹದಿನೇಳಕ್ಕೆ ಗ್ಲಾಸ್ಗೋದ ದೊಡ್ಡ ಕ್ಲಬ್ಬೊಂದಕ್ಕೆ ಹೋಗಿ, ಎರಡು ವರ್ಷ ಬೆಂಚು ಕಾದು, ಒಟ್ಟು ಹನ್ನೊಂದು ನಿಮಿಷ ಆಡಿ ನಮ್ಮ ಊರಿನ ಆರ್ಡ್‌ಕ್ರೇಗ್ ತಂಡಕ್ಕೆ ಬಂದವನು. ಬಂದವನು ಹೋಗಲಿಲ್ಲ. ವಾರವಿಡೀ ಸೂರಿಗೆ ಸ್ಲೇಟು ಹೊದಿಸುವ ಕೆಲಸ, ಮಂಗಳವಾರ ಗುರುವಾರ ಸಂಜೆ ಅಭ್ಯಾಸ, ಶನಿವಾರ ಮೂರು ಗಂಟೆಗೆ ರಕ್ಷಣೆಯ ನಟ್ಟನಡುವೆ ಗೋಡೆಯ ಹಾಗೆ ನಿಲ್ಲುವುದು. ನಮ್ಮ ತಂಡದಲ್ಲಿ ಗೋಲಿಗಿಂತ ಗೋಳೇ ಹೆಚ್ಚಿದ್ದ ವರ್ಷಗಳಲ್ಲೂ ಊರು ಅವನನ್ನು ನಂಬಿತ್ತು. ಮೇ ತಿಂಗಳಲ್ಲಿ ಹೊಸ ಮ್ಯಾನೇಜರ್ ಡ್ರಮಂಡ್ ಅವನನ್ನು ಕೋಣೆಗೆ ಕರೆದು, ಮೂಗಿನಲ್ಲಿ, "ನಿನ್ನ ಕಾಲು ಮುಗೀತಪ್ಪ" ಎಂದ. ಆ ಮೂಗಿನ ದನಿಯನ್ನು ನಾನು ಕ್ಲಬ್ಬಿನ ಬಾರಿನಲ್ಲಿ ಎಷ್ಟು ಸಲ ಅನುಕರಿಸಿದೆನೆಂದರೆ, ಕೊನೆಗೆ ನನ್ನ ಹೆಂಡತಿ ನೆಗಡಿಗೆ ಔಷಧಿ ತಂದಳು.

ಈಗ ಸೆಪ್ಟೆಂಬರ್. ಬ್ಯಾಲ್‌ಫಿನ್ ಪರವಾಗಿ ರಾನಲ್ಡನಿಗೆ ಇದು ಮೂರನೆಯ ಪಂದ್ಯ. ಕರಾರು ಸಿಕ್ಕರೆ ಇಂದು, ಇಲ್ಲದಿದ್ದರೆ ಸೂರು ಮತ್ತು ಸ್ಲೇಟು ಅಷ್ಟೇ. ಅದೂ ನಮ್ಮದೇ ಮೈದಾನದಲ್ಲಿ, ನಮ್ಮ ಎದುರೇ.

ಪಂದ್ಯಕ್ಕೆ ಮುಂಚೆ ಅವನು ನನ್ನ ಮೈಕಿನ ಗೂಡಿನ ಕಿಟಕಿಗೆ ಮೊಣಕೈ ಊರಿದ.

"ಏನೋ ಲ್ಯಾಕಿ, ನನ್ನ ಹೆಸರು ಮರೆತಿಲ್ಲ ತಾನೇ?"

"ಯಾರಪ್ಪ ನೀನು? ಪಟ್ಟೀಲಿ ಇಲ್ವಲ್ಲ."

"ಸಂಜೆ ಹೊತ್ತಿಗೆ ಇರತ್ತೆ, ನೋಡ್ತಿರು." ಅದನ್ನು ಅವನು ಬಸ್ಸಿನ ವೇಳೆ ಹೇಳುವವನ ಹಾಗೆ ಹೇಳಿದ.

ಪಕ್ಕದಲ್ಲಿ ಪೈ ಮಾರುವ ಎಫಿ ಅಜ್ಜಿ ಬಿಸಿ ತಟ್ಟೆಯಿಂದ ಒಂದು ಕುರಿಮಾಂಸದ ಪೈ ಎತ್ತಿ ಅವನ ಮುಂದೆ ಹಿಡಿದಳು. "ತಿನ್ನು ಮಗ, ಹೊಟ್ಟೆ ಭಾರ ಆಗಿ ಇನ್ನೂ ನಿಧಾನ ಆಗು. ನಮ್ಮ ಹುಡುಗ್ರು ಗೆಲ್ಲಲಿ."

"ಇದಕ್ಕಿಂತ ನಿಧಾನ ಆದ್ರೆ ಹಿಂದಕ್ಕೆ ಹೋಗ್ತೀನಜ್ಜಿ" ಎಂದು ಅವನು ಅರ್ಧ ಕಚ್ಚಿಕೊಂಡೇ ನಡೆದ.

ಪಟ್ಟಿ ಓದಿದೆ. ಐದನೇ ನಂಬರು, ಪರೀಕ್ಷಾರ್ಥಿ. ಊರೆಲ್ಲ ನಕ್ಕಿತು. ಡ್ರಮಂಡ್ ಒಬ್ಬ ನಗಲಿಲ್ಲ.

ನಮ್ಮ ಮೈದಾನದ ಒಂದು ತುದಿಯಲ್ಲಿ, ಗೋಲಿನ ಹಿಂದೆ, ಮೀನಿಗೆ ಹೊಗೆ ಹಾಕುವ ಮನೆಯಿದೆ. ಅದರ ಹಿಂದೆ ಸಮುದ್ರ. ದ್ವಿತೀಯಾರ್ಧದಲ್ಲಿ ಬ್ಯಾಲ್‌ಫಿನ್ ಆ ತುದಿಗೆ, ಗಾಳಿಗೆ ಎದುರಾಗಿ, ಆಡಬೇಕಿತ್ತು. ನಮ್ಮ ಹುಡುಗರು ಗಾಳಿಯ ಬೆಂಬಲದಿಂದ ಹತ್ತು ಸಲ ನುಗ್ಗಿದರು. ಹತ್ತೂ ಸಲ ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ರಾನಲ್ಡ್ ಮೊದಲೇ ನಿಂತಿದ್ದ. ಅವನು ಓಡಿದ್ದನ್ನು ನಾನು ನೋಡಲಿಲ್ಲ. ನಡೆದಿದ್ದನ್ನು ನೋಡಿದೆ, ನಿಂತಿದ್ದನ್ನು ನೋಡಿದೆ. ಆದರೆ ಬ್ಯಾಲ್‌ಫಿನ್ ಮ್ಯಾನೇಜರ್ ಗಿಲ್ಲನ್ ಅಂಚಿನಲ್ಲಿ ಉಗುರು ಕಚ್ಚುತ್ತಲೇ ಇದ್ದ. ಮುದುಕನ ಕಾಲನ್ನು ನಂಬುವುದಕ್ಕೆ ಅವನಿಗೆ ಧೈರ್ಯ ಸಾಲದು.

ಎಂಬತ್ತಾರನೇ ನಿಮಿಷ, ಗೋಲಿಲ್ಲದ ಸಮ. ಬ್ಯಾಲ್‌ಫಿನ್‌ಗೆ ಕಾರ್ನರ್ ಸಿಕ್ಕಿತು. ರಾನಲ್ಡ್ ತನ್ನ ಜಾಗ ಬಿಟ್ಟು ಮುಂದಕ್ಕೆ ನಡೆಯತೊಡಗಿದ.

"ಏ ಐದು! ಹಿಂದೆ ಇರು!" ಗಿಲ್ಲನ್ ಅರಚಿದ. "ಚೆಂಡು ತಿರುಗಿ ಬಂದ್ರೆ ನೀನು ವಾಪಸ್ ಓಡಿ ಬರೋದು ನಾಳೆಗೆ!"

ರಾನಲ್ಡ್ ತಿರುಗಿಯೂ ನೋಡಲಿಲ್ಲ. "ವಾಪಸ್ ಬರೋ ಕೆಲಸ ಇರಲ್ಲ ಸಾರ್" ಎಂದು ನಡೆಯುತ್ತಲೇ ಹೇಳಿದ.

ಈ ಚೆಂಡು ನಮ್ಮವರಿಗೆ ಸಿಕ್ಕಿ ಅವರು ಗೋಲು ಹೊಡೆದರೆ ಅವನ ಕರಾರೂ ಇಲ್ಲ, ಆಟವೂ ಇಲ್ಲ. ಆದರೂ ಅವನು ಚೆಂಡಿನ ಕಡೆ ನೋಡುತ್ತಿರಲಿಲ್ಲ. ಹೊಗೆಮನೆಯ ಚಿಮಣಿ ನೋಡುತ್ತಿದ್ದ. ಗಾಳಿ ಒಂದು ಗಳಿಗೆ ಬಿಡುವು ಕೊಟ್ಟು, ಹೊಗೆ ನೆಟ್ಟಗೆ ಏಳುತ್ತಿತ್ತು. ಕಾರ್ನರ್ ಒದೆಯುವವನಿಗೆ ಅಂಗೈ ತೋರಿಸಿ, ತಡಿ, ಎಂದ. ಗೋಲಿನ ಬಾಯಲ್ಲಿ ಎರಡೂ ತಂಡದವರು ಸಂತೆಯ ಹಾಗೆ ನೂಕಾಡುತ್ತಿದ್ದರು. ಡ್ರಮಂಡ್ ಹೊರಗಿನಿಂದ ತಂದ ಹೊಸ ಹುಡುಗರಿಗೆ ಆ ಚಿಮಣಿ ಬರೀ ಚಿಮಣಿ. ರಾನಲ್ಡ್ ಮಾತ್ರ ಗೋಲಿನಿಂದ ಹತ್ತು ಹೆಜ್ಜೆ ದೂರ, ಯಾರೂ ಇಲ್ಲದ ಕಡೆ ನಿಂತ. ರೆಫರಿ ಬೇಗ ಎಂದು ಸೀಟಿ ಊದಿದ.

ಹೊಗೆ ಮೈದಾನದ ಕಡೆಗೆ ಬಾಗಿತು. ರಾನಲ್ಡ್ ಕೈ ಇಳಿಸಿದ.

ಗೋಲಿನ ಬಾಯಿಗೆಂದು ಎದ್ದ ಚೆಂಡು ಗಾಳಿಗೆ ಸಿಕ್ಕಿ ಏನೋ ಮರೆತವನ ಹಾಗೆ ನಡುದಾರಿಯಲ್ಲಿ ನಿಂತು, ಹಿಂದಕ್ಕೆ ಬಂದು, ಸೀದಾ ಅವನ ಹಣೆಗೆ ಇಳಿಯಿತು. ಅವನು ಜಿಗಿಯಲೂ ಇಲ್ಲ. ಮೊಳೆ ಹೊಡೆದ ಹಾಗೆ ಚೆಂಡನ್ನು ನೆಲಕ್ಕೆ ಬಡಿದ. ಅದು ಪುಟಿದು, ಗುಂಪಿನ ಕಾಲುಗಳ ನಡುವೆ ನುಸುಳಿ ಬಲೆ ಸೇರಿತು.

ಹೊರಗಿನ ತಂಡದ ಗೋಲನ್ನು ನಾನು ಹೆಣದ ಮನೆಯಲ್ಲಿ ಪಾದ್ರಿ ಮಾತಾಡುವ ದನಿಯಲ್ಲಿ ಸಾರುತ್ತೇನೆ. ನಮ್ಮವರ ಗೋಲಿಗೆ ಮಾತ್ರ ಗಂಟಲು ಹರಿಯುವ ಹಾಗೆ ಕೂಗುತ್ತೇನೆ. ಹದಿನೆಂಟು ವರ್ಷದ ಅಭ್ಯಾಸ ನಾಲಿಗೆಯನ್ನು ಕೇಳಿ ಬರುವುದಿಲ್ಲ.

"ಗೋ...ಲು! ರಾ...ನಲ್ಡ್! ಪಿ...ರಿ!"

ಊರೆಲ್ಲ ನನ್ನ ಗೂಡಿನ ಕಡೆ ತಿರುಗಿತು. ಆಮೇಲೆ ಎಫಿ ಅಜ್ಜಿ ಪೈ ಎತ್ತುವ ಇಕ್ಕಳದಿಂದ ತಟ್ಟೆಯನ್ನು ಬಡಿಯತೊಡಗಿದಳು. ಹಿಂದೆಯೇ ಇಡೀ ಸ್ಟ್ಯಾಂಡು ಎದ್ದು ಚಪ್ಪಾಳೆ ತಟ್ಟಿತು, ನಮ್ಮ ಸೋಲಿಗೆ. ನಾನು ಕೆಮ್ಮಿ, ಪಾದ್ರಿಯ ದನಿ ತೆಗೆದು ಹೇಳಿದೆ: "ತಿದ್ದುಪಡಿ. ಗೋಲು ಹೊಡೆದವರು, ಪರೀಕ್ಷಾರ್ಥಿ." ಚಪ್ಪಾಳೆ ಇಮ್ಮಡಿಯಾಯಿತು.

ಪಂದ್ಯ ಮುಗಿದ ಮೇಲೆ ಗಿಲ್ಲನ್ ಅವನನ್ನು ನನ್ನ ಗೂಡಿನ ಪಕ್ಕ, ಆಟಗಾರರು ಒಳಗೆ ಹೋಗುವ ಸುರಂಗದ ಬಾಯಲ್ಲೇ ಹಿಡಿದ.

"ಹಿಂದೆ ಇರು ಅಂತ ಹೇಳಿರ್ಲಿಲ್ವಾ ನಾನು?"

"ಹೇಳಿದ್ರಿ ಸಾರ್."

"ಕಿವೀನೂ ಹೋಗಿದ್ಯಾ ನಿಂಗೆ?"

"ಕಿವಿ ಚೆನ್ನಾಗಿದೆ. ನೀವು ಹೊಗೆ ನೋಡಿರ್ಲಿಲ್ಲ, ಅದಕ್ಕೆ ಹೇಳಿದ್ರಿ."

ಗಿಲ್ಲನ್ ಚಿಮಣಿಯನ್ನು ನೋಡಿದ. ಅವನನ್ನು ನೋಡಿದ. ಜೇಬಿನಿಂದ ಮಡಿಸಿದ ಫಾರಂ ತೆಗೆದು, ಪೆನ್ನಿಗಾಗಿ ತಡಕಾಡಿದ. "ಪೆನ್ ಇದ್ಯೇನ್ರೀ?" ಎಂದು ನನ್ನನ್ನೇ ಕೇಳಿದ.

ನನ್ನ ಗೂಡಿನ ಕಟ್ಟೆಯ ಮೇಲೇ, ಮಧ್ಯಾಹ್ನ ಆಟಗಾರರ ಪಟ್ಟಿಗೆ ಗೀಟು ಹಾಕಿದ ಪೆನ್ನಿನಲ್ಲೇ, ರಾನಲ್ಡ್ ಪಿರಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದ. ಒಂದು ವರ್ಷದ ಕರಾರು.

"ಡಿಸೆಂಬರ್‌ನಲ್ಲಿ ಮತ್ತೆ ಇಲ್ಲೇ ಆಟ ಇದೆ" ಎಂದೆ. "ಆಗ ನಿನ್ನ ಹೆಸರನ್ನ ಹೆಣದ ಮನೆ ದನೀಲಿ ಓದ್ಬೇಕಾಗತ್ತೆ ಕಣೋ."

ಅವನು ಪೆನ್ನನ್ನು ನನ್ನ ಕಿವಿಗೆ ಸಿಕ್ಕಿಸಿ, ಬ್ಯಾಗು ಹೆಗಲಿಗೇರಿಸಿದ.

"ಯಾವ ದನೀಲಾದ್ರೂ ಓದು. ಎರಡು ಸಲ ಓದೋಕೆ ರೆಡಿ ಇರು, ಅಷ್ಟೇ. ಆಟ ಶುರುವಾಗೋ ಮುಂಚೆ ಒಂದ್ಸಲ, ಗೋಲ್ ಹೊಡೆದ್ಮೇಲೆ ಇನ್ನೊಂದ್ಸಲ."