ಏಳನೇ ಕಂಪ್ಯೂಟರು ಸಾಯುವ ಹೊತ್ತು

ಹಸಿರು ದೀಪ ಮಿಣುಕುತ್ತಿದೆ, ಏಳನೇ ಕಂಪ್ಯೂಟರಿನ ಬೆನ್ನಲ್ಲಿ, ಕೇಬಲ್ಲು ಚುಚ್ಚಿದ ಜಾಗದಲ್ಲಿ, ಬದುಕಿದೆ ಇನ್ನೂ ಎಂದುಕೊಂಡಳು ಅಮೂಲ್ಯಾ, ಗಂಟೆ ಈಗ ಹತ್ತೂ ಐದು — ಹತ್ತು ನಲವತ್ತೆರಡಕ್ಕೆ ಸಾಯುತ್ತದೆ, ಹದಿನಾರು ದಿನದಿಂದ ಅದೇ ನಿಮಿಷಕ್ಕೆ ಸಾಯುತ್ತಿದೆ, ಇವತ್ತು ಹತ್ತೂವರೆಗೆ ಪರೀಕ್ಷೆ, ಕಡೂರಿನ ಈ ತರಬೇತಿ ಕೇಂದ್ರದ ಮುಖ್ಯಸ್ಥೆ ವಿಶಾಲಾಕ್ಷಮ್ಮ ಬಾಗಿಲಲ್ಲೇ ನಿಂತು, ಏನೇ ಅಮೂಲ್ಯಾ, ಇವತ್ತೂ ಅದು ಕಣ್ಮುಚ್ಚಿದ್ರೆ ಅದ್ರಲ್ಲಿ ಪರೀಕ್ಷೆ ಬರೆಯೋ ಆ ಪಾಪಮ್ಮನ ಮಗಳು ಫೇಲು ಕಣೇ, ಸೀಟು ಬದಲಾಯ್ಸೋ ಹಂಗಿಲ್ಲ. ಗೊತ್ತು ಮೇಡಂ. ಕಾರಣವೂ ಗೊತ್ತು, ನಿನ್ನೆಯಿಂದ, ಹೇಳಿಲ್ಲ. ಡಿಸ್ಕೇ ಇಲ್ಲದ ಕಂಪ್ಯೂಟರುಗಳಿವು, ಎದ್ದೊಡನೆ ಮೂಲೆಯ ಸರ್ವರಿಗೆ ತಂತಮ್ಮ ನೆಟ್‌ವರ್ಕ್ ಕಾರ್ಡಿನ ನಂಬರು ಹೇಳುತ್ತವೆ, ಆ ನಂಬರಿನ ಕಡತಗಳನ್ನು ಅದು ತಂತಿಯ ಮೇಲೆ ಕೊಡುತ್ತದೆ, ಸತ್ತರೆ ಕಾರಣ ಬರೆದಿಡಲೂ ತಾವಿಲ್ಲ, ಅದಕ್ಕೇ ಏಳರ ಕೊನೆಯ ಸಾಲುಗಳು ಸರ್ವರಿಗೇ ಬರುವಂತೆ ಮಾಡಿದಳು, ಬಂದವು — ಓದುತ್ತಿದ್ದ ಕಡತ ಬೇರೆಯವರ ಕೈಗೆ ಹೋಯಿತು. ಯಾರ ಕೈಗೆ? ಅದೇ ನಿಮಿಷ, ಅದೇ ನಂಬರು ಹೇಳಿಕೊಂಡು ಎದ್ದಿತ್ತು ಇನ್ನೊಂದು ಕಂಪ್ಯೂಟರು, ಅಜ್ಜಂಪುರದ ಶಾಖೆಯಲ್ಲಿ, ಅಲ್ಲಿಯವೂ ಇದೇ ಸರ್ವರಿನಿಂದಲೇ ಏಳುತ್ತವೆ.

ನಾಗೇಶ. ಅವನಲ್ಲದೆ ಇನ್ಯಾರು. ಇಲ್ಲಿ ಕೆಲಸಕ್ಕಿದ್ದಾಗ, ಸಿಡಿಲಿಗೆ ಏಳರ ಕಾರ್ಡು ಸುಟ್ಟಾಗ ಹೊಸ ಕಾರ್ಡಿಗೆ ಹಳೆಯ ನಂಬರೇ ಬರೆದವನು, ಸರ್ವರಿನ ಪಟ್ಟಿ ತಿದ್ದೋದ್ಯಾಕೆ ಮೇಡಂ, ಸರ್ವರಜ್ಜನಿಗೆ ವಯಸ್ಸಾಯ್ತು, ಗುರ್ತು ಸಿಗಲ್ಲ ಬಿಡಿ. ಸುಟ್ಟದ್ದನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದ, ಈಗ ಅಲ್ಲಿ ಬೆಸುಗೆ ಹಾಕಿ ಬದುಕಿಸಿದ್ದಾನೆ, ಅದು ತನ್ನ ಹಳೆಯ ನಂಬರನ್ನೇ ಹೇಳುತ್ತಿದೆ. ತರೀಕೆರೆಯಿಂದ ಬಸ್ಸಿಳಿದು, ನಿಂತೇ ಟೀ ಕುಡಿದು, ಶಟರ್ ಎತ್ತಿ, ಅಂಗೈಯಲ್ಲಿ ಧೂಳು ಒರೆಸಿ ಗುಂಡಿ ಒತ್ತುತ್ತಾನೆ — ಇಲ್ಲಿ ಏಳು ಸಾಯುತ್ತದೆ. ಹದಿನಾರು ದಿನ ಅವನು ಬಂದದ್ದು ತನಗೆ ತಿಳಿಯುತ್ತಿತ್ತು, ತಿಳಿದಿದೆಯೆಂದು ತಿಳಿಯದೆಯೇ. ಇಲ್ಲ, ಹದಿನೈದು. ಹೋದ ಬುಧವಾರ ಸಾಯಲಿಲ್ಲ, ರೋಗ ವಾಸಿಯಾಯಿತೆಂದು ಎಲ್ಲರಿಗೂ ಬಿಸ್ಕತ್ತು ಹಂಚಿದ್ದಳಲ್ಲ, ಅಯ್ಯೋ — ಏನಾಗಿತ್ತು ಅವನಿಗೆ ಬುಧವಾರ? ಜ್ವರವೇ? ಯಾರನ್ನು ಕೇಳುವುದು, ಹನ್ನೊಂದು ತಿಂಗಳಾಯಿತು ಮಾತಿಲ್ಲದೆ, ಕಡೂರು ಬಸ್‌ಸ್ಟ್ಯಾಂಡಿನಲ್ಲಿ, ನಿಮ್ಮನೆಗೆ ಬಂದು ಕೇಳ್ಲೇನ್ರೀ ಅಮೂಲ್ಯಾ, ಅಂದಿದ್ದ, ಮೊದಲ ಬಾರಿಗೆ ಮೇಡಂ ಬಿಟ್ಟು, ಅವಳು ಅಪ್ಪನ ಮುಖ ನೆನೆದು ಯಗಟಿ ಬಸ್ಸಿನ ಬೋರ್ಡನ್ನೇ ನೋಡುತ್ತ ನಿಂತಳು, ನೋಡುತ್ತಲೇ ಹತ್ತಿಬಿಟ್ಟಳು, ಮರುವಾರ ಅವನು ವರ್ಗ ಕೇಳಿ ಪಡೆದ.

ತಿದ್ದಬೇಕಾದ್ದು ಒಂದೇ ಸಾಲು. ಇಲ್ಲಿಯ ಕಾರ್ಡಿಗೆ ಅದರ ನಿಜವಾದ ನಂಬರು ಕೊಟ್ಟು, ಪಟ್ಟಿಗೆ ಸೇರಿಸಿ, ಏಳನ್ನು ಆರಿಸಿ ಎಬ್ಬಿಸಿದರೆ ಮುಗಿಯಿತು — ಅಲ್ಲಿ ಅದು, ಇಲ್ಲಿ ಇದು, ಒಂದರ ಸುದ್ದಿ ಇನ್ನೊಂದಕ್ಕಿಲ್ಲ. ಇವತ್ತೊಂದು ದಿನ ಬಿಟ್ಟರೆ? ಪಾಪಮ್ಮನ ಮಗಳು ಹಾಲ್‌ಟಿಕೆಟ್ಟನ್ನು ಎದೆಗೊತ್ತಿ ಬಂದು ಕೂತಳು, ಮಿಸ್, ಇದು ಹೋಗಲ್ಲ ತಾನೇ? ಇಲ್ಲ ಕಣಮ್ಮಾ, ಬರಿ. ಹೇಳುವ ಮೊದಲೇ ಸಾಲು ತಿದ್ದಿ, ಗುಂಡಿ ಒತ್ತಿಯಾಗಿತ್ತು, ದೀಪ ಆರಿ, ಮತ್ತೆ ಹತ್ತಿಕೊಂಡಿತು. ಹತ್ತು ಮೂವತ್ತು, ಪರೀಕ್ಷೆ ಶುರುವಾಯಿತು, ಮೂವತ್ತೆಂಟು, ಬಸ್ಸು ಬಂದಿರಬೇಕು, ನಲವತ್ತು, ಟೀ, ನಲವತ್ತೊಂದು, ಶಟರ್, ನಲವತ್ತೆರಡು, ಅಂಗೈ, ಧೂಳು — ಸಾಯಲಿಲ್ಲ, ಹುಡುಗಿ ಬರೆಯುತ್ತಲೇ ಇದ್ದಾಳೆ, ನಲವತ್ಮೂರು, ಬಂದನೋ, ಬರಲಿಲ್ಲವೋ, ನಲವತ್ನಾಲ್ಕು, ಹಸಿರು ದೀಪ ಮಿಣುಕುತ್ತಿದೆ, ಮಿಣುಕುತ್ತಲೇ ಇದೆ, ಬಂದನೋ — ಹಸಿರು ದೀಪ.