ಕೆಳಗಿನ ಎರಡು ಬೋಲ್ಟು

ಸುತ್ತಿಗೆಯ ಮರದ ಹಿಡಿಯಿಂದ ಹನುಮಂತರಾಜು ನಾಲ್ಕನೇ ಸಲ ತಟ್ಟಿದ. ಇಂಜಿನ್ನಿನ ಮುಂದಿನ ಕವರ್ ಜಗ್ಗಲಿಲ್ಲ. ಆಯಿಲ್ ಸೋರುತ್ತಿದೆಯೆಂದು ಉಪ್ಪಾರಹಳ್ಳಿಯ ಮನೆಯೆದುರೇ ಲಾರಿ ನಿಲ್ಲಿಸಿ, ಕ್ಯಾಬಿನ್ ಮುಂದಕ್ಕೆ ವಾಲಿಸಿ, ಬೆಳಗಿನಿಂದ ಬಿಚ್ಚುತ್ತಿದ್ದ. ಹೆಂಡತಿ ಶಶಿಕಲಾ ಟೀ ಕೊಡುವ ನೆಪದಲ್ಲಿ, ಹಳೇ ಬಟ್ಟೆ ಕೊಡುವ ನೆಪದಲ್ಲಿ ಒಳಗೂ ಹೊರಗೂ ಓಡಾಡುತ್ತಲೇ ಇದ್ದಳು. ಫೋನನ್ನು ಮಾತ್ರ ಕೈಯಿಂದ ಬಿಟ್ಟಿರಲಿಲ್ಲ.

ಹಿರೇಹಳ್ಳಿಯ ಪಂಪಿನ ಫ್ಯಾಕ್ಟರಿಯಲ್ಲಿ ಅವಳ ಜೊತೆಗಿದ್ದ ಪ್ರಮೀಳಾ ಈಗ ಅಲ್ಲೇ ಸೂಪರ್‌ವೈಸರ್. "ಒಂದು ಜಾಗ ಖಾಲಿ ಅದೆ ಕಣೇ. ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ. ಬತ್ತೀನಿ, ಬರಲ್ಲ, ಒಂದು ಹೇಳ್ಬುಡು," ಎಂದಿದ್ದಳು. ಮದುವೆಯಾದ ಮೇಲೆ ಆ ಕೆಲಸ ಬಿಡಿಸಿದವನು ಹನುಮಂತರಾಜುವೇ. ಮೂರು ದಿನದಿಂದ ಅವನಿಗೆ ಹೇಳಲೆಂದು ಬಾಯಿ ತೆರೆದು, ಸಾರಿಗೆ ಉಪ್ಪು ಸಾಕಾ ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಈಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಬಿಚ್ಚಿದ ಬೋಲ್ಟುಗಳನ್ನು ಅವನು ಒಂದೇ ತಟ್ಟೆಗೆ ಸುರಿಯಹೊರಟಾಗ ತಡೆಯಲಾರದೆ, ಸೀರೆ ಡಬ್ಬಿಯ ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವುದು ಎಲ್ಲಿಯದೋ ಅಲ್ಲಿಗೇ ಚುಚ್ಚಿ ನಿಲ್ಲಿಸಿದ್ದಳು. ಉದ್ದದ್ದು ಗಿಡ್ಡದ್ದು ಬೆರೆಯಬಾರದು. ಫ್ಯಾಕ್ಟರಿಯ ಅಭ್ಯಾಸ.

"ರಂಗೋಲಿ ಬಿಡ್ತಾವಳೆ ನೋಡವ್ವ," ಎಂದು ಅವನು ನಕ್ಕಿದ್ದ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ನರಸಿಂಹಮ್ಮ ನಕ್ಕಿರಲಿಲ್ಲ.

ಅವನೀಗ ರಾಡಿನ ಚಪ್ಪಟೆ ತುದಿಯನ್ನು ಕವರಿನ ಸಂದಿಗೆ ತೂರಿಸಿದ.

"ರೀ, ಮೀಟಬೇಡಿ. ಸೀಳೋಗುತ್ತೆ."

"ಎಲ್ಲಾ ಬೋಲ್ಟೂ ಬಿಚ್ಚಿವ್ನಿ. ಪ್ಯಾಕಿಂಗ್ ಕಚ್ಕಂಡದೆ, ಅಷ್ಟೇ. ನೀನು ಒಳಗೋಗು."

ಶಶಿಕಲಾ ರಟ್ಟನ್ನು ನೋಡಿದಳು. ಮೇಲೆ, ಎಡಕ್ಕೆ, ಬಲಕ್ಕೆ ಬೋಲ್ಟುಗಳ ಸಾಲು. ಕೆಳಗಿನ ಅಂಚು ಮಾತ್ರ ಬೋಳು. ಅಷ್ಟಗಲ ಜಾಗವನ್ನು ಯಾರೂ ಬೋಲ್ಟಿಲ್ಲದೆ ಬಿಡುವುದಿಲ್ಲ.

"ಕೆಳಗಿನ ಬೋಲ್ಟು ಇನ್ನೂ ಅವೆ. ಅಡಿಯಿಂದ ಹಾಕವ್ರೆ. ಆಯಿಲ್ ಚೇಂಬರ್ ಕಡೆಯಿಂದ ಮೇಲಕ್ಕೆ."

"ಓಹೋ, ಮೇಡಮ್ಮೋರು ಕಂಡವ್ರೆ."

ರಾಡಿನ ಮೇಲೆ ಭಾರ ಬಿಟ್ಟ. ಕವರ್ ಕಿರ್ರೆಂದಿತು. ಅವಳು ಫೋನನ್ನು ಜಗಲಿಯ ಮೇಲಿಟ್ಟು ಬಂದು ರಾಡು ಹಿಡಿದಳು. ಹಿಡಿದವಳು ಬಿಡಲಿಲ್ಲ. ಅವನ ಕೈ ಸಡಿಲವಾದ ಮೇಲೆ ಸೆರಗು ಸಿಕ್ಕಿಸಿ, ಗೋಣಿಚೀಲದ ಮೇಲೆ ಅಂಗಾತ ಮಲಗಿ, ಲಾರಿಯಡಿಗೆ ಜಾರಿದಳು.

ಜಿಡ್ಡಿನಲ್ಲಿ ಬೆರಳಾಡಿಸಿದಾಗ ಎರಡು ಬೋಲ್ಟುಗಳ ತಲೆ ಸಿಕ್ಕವು.

"ಹದಿಮೂರರ ಸ್ಪ್ಯಾನರ್ ಕೊಡಿ."

ಅವನು ಬಗ್ಗಿ ಸ್ಪ್ಯಾನರನ್ನು ಅವಳ ಕಡೆಗೆ ತಳ್ಳಿದ.

ಎರಡನೆಯದು ಬಿಚ್ಚುತ್ತಿದ್ದಂತೆ, ಮೇಲೆ ಸಣ್ಣಗೆ ತಟ್ಟಿದ ಸದ್ದಾಗಿ ಕವರ್ ಅವನ ಕೈಗೆ ಬಂತು. ಅವಳು ಹೊರಬಂದು ರಟ್ಟಿನ ಬೋಳು ಅಂಚಿಗೆ ಎರಡನ್ನೂ ಚುಚ್ಚುತ್ತಿರುವಾಗ ಫೋನು ಹೊಡೆದುಕೊಂಡಿತು.

"ಯಾರದು?"

"ಪ್ರಮೀಳಾ. ಫ್ಯಾಕ್ಟ್ರಿ ಕೆಲ್ಸಕ್ಕೆ ಕರೀತಾವ್ಳೆ."

ಅವನು ಕವರನ್ನು ಎದೆಗಾನಿಸಿಕೊಂಡು ನಿಂತ. ಕೆಳಗಿಡಲಿಲ್ಲ. ಅವಳ ಎರಡೂ ಕೈ ಮೊಣಕೈವರೆಗೆ ಕಪ್ಪಾಗಿದ್ದವು. ನರಸಿಂಹಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಫೋನಿನ ಹಸಿರು ಗುರುತನ್ನು ಎಳೆದು, ಸೊಸೆಯ ಕಿವಿಗೆ ಹಿಡಿದಳು.

"ಬತ್ತೀನಿ ಕಣೇ," ಎಂದಳು ಶಶಿಕಲಾ.

ಪ್ರಮೀಳಾ ಬಸ್ಸಿನ ಹೊತ್ತು, ಗೇಟಿನ ಹೊತ್ತು ಹೇಳತೊಡಗಿದಳು. ಕವರಿನಿಂದ ಆಯಿಲ್ ತೊಟ್ಟು ತೊಟ್ಟಾಗಿ ಅವನ ಕಾಲ ಬಳಿ ಬೀಳುತ್ತಿತ್ತು. ಅತ್ತೆ ಕೈ ತೆಗೆಯಲಿಲ್ಲ. ಅವಳ ಬಳೆ ಶಶಿಕಲಾಳ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು.