ತಂಗಿ ಮೂರು ಸ್ಟೂಲಿನ ಮೇಲೆ ಕೂತದ್ದು

ಒಂದು ಮಧ್ಯಾಹ್ನ, ಎರಡೇ ನಿಮಿಷದಲ್ಲಿ, ಮೂವತ್ತೊಂದು ಜನರನ್ನು ನಾನು ಮಾಯ ಮಾಡಿದ್ದೇನೆ. ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ಮಾಯವಾದದ್ದು ನಿಜ, ಮಾಡಿದ್ದು ಒಂದು ಕಪ್ಪು ಗಾಜು. ಆದರೆ ಆ ಗಾಜನ್ನು ಕ್ಯಾಮೆರಾದ ಮೂತಿಗೆ ತಿರುಗಿಸಿ ಕೂರಿಸಿದ ಕೈ ಇದೇ, ನೋಡು. ಅರ್ಧ ಕೀರ್ತಿ ನನಗೂ ಬರಬೇಕು ತಾನೆ?

ಕ್ಯಾಮೆರಾ ನನ್ನ ಮಗಳದು. ಹನ್ನೊಂದು ವರ್ಷ ಅವಳು ಗೂಡಿನಂಥ ಒಂದು ಅಂಗಡಿಯಲ್ಲಿ ಕೂತು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದಳು. "ಗದ್ದ ಎತ್ತಿ, ಕಿವಿ ಕಾಣಲಿ, ನಗಬೇಡಿ." ದಿನಕ್ಕೆ ಇದೇ ಮಂತ್ರ ನೂರೆಂಟು ಸಲ. ಕ್ಷೌರದವನೂ ಅಷ್ಟು ಕಿವಿ ನೋಡಿರಲಾರ. ಕೊನೆಗೊಂದು ದಿನ ಮನುಷ್ಯರ ಮುಖವೇ ಸಾಕಾಗಿ, "ಅಮ್ಮ, ಇನ್ಮೇಲೆ ಕಟ್ಟಡಗಳ ಫೋಟೋ ತೆಗೀತೀನಿ. ಗೋಡೆ ಕಣ್ಣು ಮಿಟುಕಿಸಲ್ಲ" ಅಂದಳು. ಮನೆಗೆ ಮೂರು ಕಾಲಿನ ಸ್ಟ್ಯಾಂಡು ಬಂತು. ಅದರ ಹಿಂದೆಯೇ ದುಂಡನೆಯ ಗಾಜುಗಳು ಬಂದವು. ಫಿಲ್ಟರ್ ಅಂತೆ. ನನಗೆ ನೀರಿನ ಫಿಲ್ಟರ್ ಒಂದೇ ಗೊತ್ತಿದ್ದದ್ದು; ಇವು ಬೆಳಕನ್ನು ಸೋಸುತ್ತವಂತೆ.

ಒಂದು ಗಾಜನ್ನು ತಿರುಗಿಸಿದರೆ ಮೇಜಿನ ಮೇಲಿನ ಹೊಳಪು ಸತ್ತುಹೋಗುತ್ತದೆ. ಇನ್ನೊಂದು ಮೇಲರ್ಧ ಕಪ್ಪು, ಕೆಳಗರ್ಧ ತಿಳಿ. ಮೇಲೆ ಕಿಟಕಿ ಧಗಧಗ ಉರಿಯುತ್ತಿದ್ದರೆ ಅದಕ್ಕಷ್ಟೇ ಪರದೆ ಎಳೆದ ಹಾಗೆ. ಮೂರನೆಯದು ಪೂರ್ತಿ ಕಪ್ಪು, ನನ್ನ ಅತ್ತೆಯ ಮನಸ್ಸಿನ ಹಾಗೆ. ಅದನ್ನು ಹಾಕಿದರೆ ಕ್ಯಾಮೆರಾ ನಿಮಿಷಗಟ್ಟಲೆ ಕಣ್ಣು ಬಿಟ್ಟುಕೊಂಡೇ ಇರಬೇಕು. ಅಷ್ಟು ಹೊತ್ತು ಅಲ್ಲಾಡದೆ ಇದ್ದದ್ದು ಪಟಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಾಡಿದ್ದು ಹೊಗೆಯಾಗಿ ಹೋಗುತ್ತದೆ.

ಗಾಜಿನ ಅಂಚಿನಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರ ಇರುತ್ತವೆ. ನನಗೆ ಅಕ್ಷರ ಬರುವುದಿಲ್ಲ, ಮಗಳಿಗೆ ಬಂದರೂ ಕಾಣುವುದಿಲ್ಲ. ಅದಕ್ಕೇ ನನ್ನ ಹಳೇ ಲಂಗದ ಬಟ್ಟೆಯಲ್ಲಿ ಮೂರು ಚೀಲ ಹೊಲಿದು, ಗುರುತಿಗೆ ಗುಂಡಿ ಹಾಕಿದ್ದೆ. ಹೊಳಪು ಕೊಲ್ಲುವುದಕ್ಕೆ ಒಂದು ಗುಂಡಿ, ಅರ್ಧ ಕಪ್ಪಿಗೆ ಎರಡು, ಪೂರ್ತಿ ಕಪ್ಪಿಗೆ ಮೂರು. ನನ್ನಷ್ಟು ಬುದ್ಧಿವಂತೆ ಆ ಬೀದಿಯಲ್ಲೇ ಇರಲಿಲ್ಲ. ದಡ್ಡಿಯೂ ಇರಲಿಲ್ಲ, ಅದು ಬೇರೆ ಮಾತು. ಯಾಕೆಂದರೆ ಫೋಟೋಗೆ ಹೊರಟ ದಿನ ಬೆಳಿಗ್ಗೆ ನನ್ನ ಸ್ವೆಟರಿನ ಗುಂಡಿ ಕಿತ್ತುಬಂತು. ಮೂರು ಗುಂಡಿಯ ಚೀಲದಿಂದ ಒಂದನ್ನು ಕತ್ತರಿಸಿ ಸ್ವೆಟರಿಗೆ ಹಾಕಿಕೊಂಡೆ. ಈಗ ಎರಡು ಗುಂಡಿಯ ಚೀಲ ಎರಡಾದವು. ನನಗೆ ಅದು ಹೊಳೆಯಲೇ ಇಲ್ಲ.

ನಾವು ಹೋದದ್ದು ಗುಂಡಿ ಮಾಡುವ ಕಾರ್ಖಾನೆಗೆ. ಅಲ್ಲಿ ನನ್ನ ತಂಗಿ ಇಪ್ಪತ್ತಾರು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತು ಗುಂಡಿ ಆರಿಸುತ್ತಿದ್ದಳು. ಎರಡು ತೂತಿನದು ಎಡಕ್ಕೆ, ನಾಲ್ಕು ತೂತಿನದು ಬಲಕ್ಕೆ, ಒಡೆದದ್ದು ಕೆಳಕ್ಕೆ. ಅವಳ ಕೈ ನಿದ್ದೆಯಲ್ಲೂ ನಿಲ್ಲುವುದಿಲ್ಲ; ಪಕ್ಕದಲ್ಲಿ ಮಲಗಿದವರ ಬೆರಳುಗಳನ್ನು ಹೆಬ್ಬೆರಳು ಬೇರೆ, ಕಿರುಬೆರಳು ಬೇರೆ ಅಂತ ವಿಂಗಡಿಸುತ್ತಾಳೆ. ಮದುವೆ ಆಗಲಿಲ್ಲ, ಬೇಸರವೂ ಪಡಲಿಲ್ಲ. ಆ ಸ್ಟೂಲೇ ಅವಳ ಸಂಸಾರ.

ಯಜಮಾನರಿಗೆ ಬಾಗಿಲ ಎದುರು ತೂಗುಹಾಕಲು ದೊಡ್ಡ ಪಟ ಬೇಕಿತ್ತು. ಮೇಲಿನ ಕಿಟಕಿಗಳಲ್ಲಿ ಮೋಡ ಕಾಣಬೇಕು, ಕೆಳಗೆ ಕರೀ ಮೇಜಿನ ಮೇಲಿನ ಕರೀ ಗುಂಡಿಯೂ ಕಾಣಬೇಕು. ಮೂವತ್ತೊಂದು ಸ್ಟೂಲು, ಮೂವತ್ತೊಂದು ಜನ, ಎಲ್ಲರೂ ಇರಬೇಕು. ಆದರೆ ಯಾರೂ ಕೆಲಸ ನಿಲ್ಲಿಸಕೂಡದು. ಸೀನುವಾಗಲೂ ಗಡಿಯಾರ ನೋಡಿಕೊಂಡು ಸೀನುವ ಮನುಷ್ಯ ಅವರು.

"ಸರ್, ಒಂದ್ ಕ್ಷಣ ಸುಮ್ನೆ ಕೂತ್ರೆ ಸಾಕು," ಅಂತ ಮಗಳು ವಾದಕ್ಕಿಳಿದಳು. "ಅಮ್ಮ, ಎರಡು ಗುಂಡಿದು ಹಾಕು," ಅಂತ ನನಗೆ ಕೈಸನ್ನೆ ಮಾಡಿದಳು. ನಾನು ಮೊದಲು ಕೈಗೆ ಸಿಕ್ಕ ಎರಡು ಗುಂಡಿಯ ಚೀಲ ಬಿಚ್ಚಿ ಗಾಜು ತಿರುಗಿಸಿದೆ. ಯಂತ್ರಗಳಿಗೆ ನೆಲ ನಡುಗುತ್ತಿತ್ತೆಂದು ಸ್ಟ್ಯಾಂಡಿನ ಕೊಕ್ಕೆಗೆ ನನ್ನ ಕೈಚೀಲವನ್ನೂ ತೂಗುಹಾಕಿದೆವು. ಆ ಚೀಲದ ಭಾರಕ್ಕೆ ಭೂಕಂಪವೂ ಹಿಂದೆ ಸರಿಯುತ್ತದೆ. ಮಗಳು ಒತ್ತಿದಳು. ಕ್ಯಾಮೆರಾ ಕಣ್ಣು ತೆರೆಯಿತು, ಮುಚ್ಚಲಿಲ್ಲ.

"ಯಾಕಮ್ಮ ಇನ್ನೂ ಮುಚ್ಚಿಲ್ಲ?"

"ನಂಗೇನ್ ಗೊತ್ತು. ನಿಮ್ಮಪ್ಪನೂ ಹಿಂಗೇ, ಒಂದ್ಸಲ ಕಣ್ ಬಿಟ್ರೆ ಮುಚ್ಚೋಕೆ ಹೊತ್ತು ಬೇಕಿತ್ತು."

ಎರಡು ನಿಮಿಷ ಕಳೆದ ಮೇಲೆ ಅದು ಮುಚ್ಚಿತು. ಮಗಳಿಗಿಂತ ಮೊದಲು ಯಜಮಾನರು ಕ್ಯಾಮೆರಾದ ಪರದೆಗೆ ಮೂಗು ಒತ್ತಿದರು. ಅವರ ಮುಖ ಬಾಡಿದ ಬದನೆಕಾಯಿ ಆಯಿತು. ಪಟದಲ್ಲಿ ಕಿಟಕಿ ಇತ್ತು, ಮೇಜು ಇತ್ತು, ಮೂವತ್ತೊಂದು ಸ್ಟೂಲು ಇದ್ದವು. ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲ ಬಳಿ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಕಾವಲುಗಾರ ಒಬ್ಬ ಮಾತ್ರ, ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ, ಸ್ಪಷ್ಟವಾಗಿ ಇದ್ದ.

"ಇವನೊಬ್ಬನೇನಾ ಕೆಲಸಕ್ಕೆ ಬರ್ತಿರೋದು?" ಅಂದರು ಯಜಮಾನರು.

ಮಗಳು ಗಾಜು ಬಿಚ್ಚಿ ನೋಡಿ ನನ್ನ ಕಡೆ ತಿರುಗಿದಳು. ನಾನು ಸ್ವೆಟರಿನ ಗುಂಡಿಯನ್ನು ಕೈಯಿಂದ ಮುಚ್ಚಿಕೊಂಡೆ.

"ಸರ್, ಇದು ಗಾಜಿನ ತಪ್ಪು. ಅಲ್ಲಾಡಿದವರು ಮಾಯ ಆಗಿದಾರೆ. ಕೈ ತುಂಬಾ ಕೆಲಸ ಮಾಡಿದ್ದಕ್ಕೇ ಕಾಣ್ತಿಲ್ಲ."

"ಕಣ್ಣು ಮೋಸ ಮಾಡುತ್ತೆ, ಯಂತ್ರ ಮಾಡಲ್ಲ. ಯಂತ್ರಕ್ಕೆ ಯಾರ ಹಂಗು?" ಅಂದರು ಅವರು. "ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಜ್ಜಿ ಹೇಳೋರು. ಪ್ರಮಾಣ ಸಿಕ್ತು."

ತಂಗಿ ಎದ್ದು ಬಂದಳು. "ನಾನು ಇಲ್ಲೇ ಇದೀನಲ್ಲ ಸ್ವಾಮಿ, ನಿಮ್ಮ ಎದುರಿಗೇ."

"ಎದುರಿಗೆ ಯಾರ್ ಬೇಕಾದ್ರೂ ಇರಬಹುದು ಕಣಮ್ಮ. ಪಟದಲ್ಲಿ ಇರಬೇಕು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗಾಯಿತು. ಜನ ಇಲ್ಲದೆಯೇ ಗುಂಡಿ ಆಗುತ್ತಿರುವಾಗ ಜನ ಯಾಕೆ ಅನ್ನುವಲ್ಲಿಗೆ ಯಜಮಾನರ ಯೋಚನೆ ಹೋಗಿ ನಿಂತಿತು. ಪಟದಲ್ಲಿ ಇಲ್ಲದವರು ಇನ್ನು ಬರುವುದು ಬೇಡ. ಮಗಳು ಅತ್ತು ಕರೆದು ಒಂದು ದಿನದ ಗಡುವು ಕೇಳಿದಳು: ನಾಳೆ ಇನ್ನೊಂದು ಪಟ, ಅದರಲ್ಲಿ ಯಾರು ಕಾಣುತ್ತಾರೋ ಅವರು ಉಳಿಯಲಿ. ತಂಗಿಯ ಪಕ್ಕದ ಸ್ಟೂಲುಗಳ ಇಬ್ಬರು ಹುಡುಗಿಯರು ಅಷ್ಟಕ್ಕೂ ಕಾಯಲಿಲ್ಲ. "ನಾವು ಇಲ್ವೇ ಇಲ್ಲ ಅಂದ್ಮೇಲೆ ರಾಜೀನಾಮೆನೂ ಬೇಡ ಬಿಡಿ" ಅಂತ ಎದುರು ಬೀದಿಯ ಐಸ್‌ಕ್ರೀಮ್ ಅಂಗಡಿಗೆ ಸೇರಿಕೊಂಡರು.

ಮನೆಗೆ ಬಂದು ತಂಗಿ ಊಟ ಮಾಡಲಿಲ್ಲ. ನನ್ನ ಅಡುಗೆಮನೆಯ ಚಮಚಗಳನ್ನೆಲ್ಲ ಸುರುವಿಕೊಂಡು ಉದ್ದ, ಗಿಡ್ಡ, ಸೊಟ್ಟ ಅಂತ ಗುಡ್ಡೆ ಹಾಕಿದಳು.

"ಅಕ್ಕ, ಸ್ಟೂಲು ಹೋದ್ರೆ ನಾನು ಏನ್ ಮಾಡ್ಲಿ?"

ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ. ಒಂದು ಸೊಟ್ಟ ಚಮಚ ಎತ್ತಿ ಅವಳ ಕೈಗೆ ಕೊಟ್ಟೆ.

ಮಾರನೇ ದಿನ ಮಗಳು ಕಪ್ಪು ಗಾಜನ್ನು ಮನೆಯಲ್ಲೇ ಬೀಗ ಹಾಕಿಟ್ಟು ಹೊರಟಳು. ಈ ಸಲ ಬೇರೆ ಉಪಾಯ: ಎಚ್‌ಡಿಆರ್. ಕಿಟಕಿಯ ಬೆಳಕಿಗೆ ಒಂದು ಪಟ, ಮೇಜಿನ ಕತ್ತಲಿಗೆ ಒಂದು, ನಡುವಿನದಕ್ಕೆ ಒಂದು. ಮೂರನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿದರೆ ಮೋಡವೂ ಉಂಟು, ಕರೀ ಗುಂಡಿಯೂ ಉಂಟು. ಮೂರು ಮುಗಿಯುವ ತನಕ ಯಾರೂ ಅಲ್ಲಾಡಕೂಡದು, ಅಷ್ಟೇ.

ಅಲ್ಲಾಡದೆ ಇರುವುದನ್ನು ಕಲಿಸಲು ಯಜಮಾನರು ಕಾವಲುಗಾರನನ್ನೇ ಗುರುವಾಗಿ ನೇಮಿಸಿದ್ದರು. ಅವನು ಸಾಲುಗಳ ನಡುವೆ ಗಂಭೀರವಾಗಿ ಓಡಾಡುತ್ತಿದ್ದ.

"ಉಸಿರು ಹೊಟ್ಟೆಲಿ ಇಟ್ಕೊಳಿ. ಮನಸ್ಸಲ್ಲಿ ಏನೂ ಬರಬಾರದು. ನಂಗೆ ಹದಿನೆಂಟು ವರ್ಷದಿಂದ ಏನೂ ಬಂದಿಲ್ಲ."

"ಅದು ಗೊತ್ತು ಗುರುವೇ," ಅಂದ ಯಂತ್ರ ನಡೆಸುವವನೊಬ್ಬ.

ಅವತ್ತು ಒಂದು ಗುಂಡಿಯೂ ಆಗಲಿಲ್ಲ. ಕೆಲಸ ಉಳಿಸಿಕೊಳ್ಳಲು ಎಲ್ಲರೂ ಕೆಲಸ ಬಿಟ್ಟು ಕಲ್ಲಾಗಿ ಕೂತರು. ಒಬ್ಬನ ಮೂಗಿನ ಮೇಲೆ ನೊಣ ಕೂತು, ನಡೆದು, ಸಂಸಾರ ಹೂಡಿ ಮೊಮ್ಮಕ್ಕಳನ್ನೂ ಕಂಡಿತು, ಅವನು ಕೈ ಎತ್ತಲಿಲ್ಲ. ಮಗಳು ಮೊದಲನೆಯದು ಒತ್ತಿದಳು. ಅಷ್ಟು ಹೊತ್ತೂ ತಂಗಿ ವಿಗ್ರಹದ ಹಾಗೆ ಕೂತಿದ್ದಳು.

ಆಮೇಲೆ ಅವಳ ಕಣ್ಣಿಗೆ ಪಕ್ಕದ ಖಾಲಿ ಸ್ಟೂಲಿನ ಮುಂದಿನ ತಟ್ಟೆ ಬಿತ್ತು. ಐಸ್‌ಕ್ರೀಮಿಗೆ ಹೋದ ಹುಡುಗಿ ಎರಡು ತೂತಿನ ಗುಂಡಿಗಳ ನಡುವೆ ನಾಲ್ಕು ತೂತಿನದೊಂದನ್ನು ಬಿಟ್ಟುಹೋಗಿದ್ದಳು. ತಂಗಿ ಬೆವತಳು, ತುಟಿ ಕಚ್ಚಿದಳು, ದೇವರನ್ನು ನೆನೆದಳು. ಕೊನೆಗೆ ಮಗಳು ಕ್ಯಾಮೆರಾದ ಚಕ್ರ ತಿರುಗಿಸುವಷ್ಟರಲ್ಲಿ ಪಕ್ಕದ ಸ್ಟೂಲಿಗೆ ಜಿಗಿದು ಅದನ್ನು ಎತ್ತಿಕೊಂಡಳು. ಅಲ್ಲೇ ಎರಡನೇ ಪಟಕ್ಕೆ ಸಿಕ್ಕಿಬಿದ್ದಳು. ಅದರಾಚೆಯ ತಟ್ಟೆಯಲ್ಲಿ ಒಡೆದ ಗುಂಡಿ ಒಂದು ನಗುತ್ತಿತ್ತು. ಮೂರನೇ ಪಟಕ್ಕೆ ಮೂರನೇ ಸ್ಟೂಲು.

ಕಂಪ್ಯೂಟರು ಮೂರನ್ನೂ ಹೊಂದಿಸಿ ತೋರಿಸಿದಾಗ ಮಗಳು ತಲೆ ಮೇಲೆ ಕೈ ಹೊತ್ತಳು. ಎಲ್ಲರೂ ಚಂದ ಬಂದಿದ್ದರು. ತಂಗಿ ಮಾತ್ರ ಮೂವರಾಗಿದ್ದಳು. ಮೂವರೂ ಸ್ವಲ್ಪ ತೆಳು. ಬೆನ್ನಿನ ಮೂಲಕ ಗೋಡೆ ಕಾಣುತ್ತಿತ್ತು.

ಯಜಮಾನರು ಬೆರಳಿಟ್ಟು ಎಣಿಸಿದರು. ಮೂವತ್ತೊಂದು ಸ್ಟೂಲು, ಮೂವತ್ತೊಂದು ಜನ. ಲೆಕ್ಕ ಸರಿಹೋದ ಸಂತೋಷಕ್ಕೆ ಅವರ ಮುಖ ಅರಳಿತು.

"ಈ ಮೂರು ಜನ ಸ್ವಲ್ಪ ಸೊರಗಿದಾರೆ. ಅಕ್ಕತಂಗೀರೇನಮ್ಮ?"

ಮಗಳು ನಿಜ ಹೇಳಲು ಬಾಯಿ ತೆರೆದಳು. ನಾನು ಅವಳ ಕಾಲು ತುಳಿದೆ. ತಂಗಿ, ಹುಟ್ಟಿದಾಗಿನಿಂದ ಸುಳ್ಳು ಹೇಳದವಳು, ಹೇಳಿಬಿಟ್ಟಳು: "ಹೂಂ ಸ್ವಾಮಿ. ಇಬ್ರು ಕೈ ತೊಳ್ಯೋಕೆ ಹೋಗಿದಾರೆ."

"ಒಳ್ಳೇದು. ನಾಳೆ ಗಂಟೆ ಹೊಡ್ದಾಗ ಪಟ ಕೈಲಿ ಹಿಡ್ಕೊಂಡು ಬರ್ತೀನಿ. ಸ್ಟೂಲಿಗೆ ಸ್ಟೂಲು ತಾಳೆ ಆಗ್ಬೇಕು. ಒಂದು ತಪ್ಪಿದ್ರೂ ಈ ಪಟ ಸುಳ್ಳು ಅಂತ ಅರ್ಥ. ಇದು ಸುಳ್ಳಾದ್ರೆ ನಿನ್ನೇದು ನಿಜ, ಎಲ್ಲರೂ ಮನೆಗೆ."

ಈಗ ತಂಗಿಯ ಒಂದು ಸ್ಟೂಲು ಉಳಿಯಬೇಕಾದರೆ ಮೂರೂ ತುಂಬಬೇಕಾಯಿತು. ಎರಡನೆಯದಕ್ಕೆ ನಾನಿದ್ದೆ; ಚೀಲ ಹೊರುವವಳ ಮುಖ ಯಜಮಾನರು ಎಲ್ಲಿ ನೋಡಿರುತ್ತಾರೆ? ನಾನೂ ಅವಳೂ ಒಂದೇ ಅಚ್ಚಿನವರು. ನಾನು ಸ್ವಲ್ಪ ಹೆಚ್ಚು ಸುಂದರಿ, ಅದನ್ನು ಸಹಿಸಿಕೊಳ್ಳಬೇಕು ಅಷ್ಟೆ. ಮೂರನೆಯದಕ್ಕೆ ಯಾರು? ಕಾರ್ಖಾನೆಯವರು ತಮ್ಮ ತಮ್ಮ ಸ್ಟೂಲು ಬಿಟ್ಟರೆ ಅದು ಖಾಲಿ. ಮಗಳನ್ನು ಯಜಮಾನರು ಬಲ್ಲರು. ಕಾವಲುಗಾರ ತಾನೇ ಬರುತ್ತೇನೆಂದ, ಆದರೆ ಮೀಸೆ ತೆಗೆಯಲು ಒಪ್ಪಲಿಲ್ಲ. ಬೆಳಿಗ್ಗೆ ಗಂಟೆ ಹೊಡೆದಾಗ ತಂಗಿ ಒಂದು ತುದಿಯಲ್ಲಿ, ಪಕ್ಕದಲ್ಲಿ ನಾನು, ಆಮೇಲೆ ಬರೀ ಸ್ಟೂಲು. ಮಗಳು ಹಿಂದಿನ ದಿನದ ಜಾಗದಲ್ಲೇ ಕ್ಯಾಮೆರಾ ಹೂಡಿ ನಿಂತಿದ್ದಳು.

ಯಜಮಾನರು ಪಟ ಹಿಡಿದು ಆ ಕಡೆಯಿಂದ ಶುರು ಮಾಡಿದರು. ಒಂದೊಂದು ಮುಖವನ್ನೂ ಪಟದ ಪಕ್ಕ ಇಟ್ಟು, ತಲೆ ಆಡಿಸಿ, ಮುಂದೆ. ಇಪ್ಪತ್ತೆಂಟು ಸ್ಟೂಲು ದಾಟಿ ನಮ್ಮ ಮೇಜಿಗೆ ಬರುವ ಹೊತ್ತಿಗೆ ಅವರ ಮಂಡಿ ಸೋತಿತ್ತು. ನಮ್ಮಿಬ್ಬರನ್ನು ನೋಡಿ, "ಇವತ್ತು ಮೈ ತುಂಬ್ಕೊಂಡಿದೀರಿ" ಅಂದರು. ತಂಗಿಯ ಕೈ ಮೇಜಿನಡಿ ನನ್ನ ಬೆರಳುಗಳನ್ನು ವಿಂಗಡಿಸುತ್ತಿತ್ತು. "ಇನ್ನೊಬ್ಳು ಎಲ್ಲಿ, ಬರ್ಲಿ, ಕಾಯ್ತೀನಿ," ಅನ್ನುತ್ತಾ, ಇಡೀ ಹಾಲಿನಲ್ಲಿ ಖಾಲಿ ಇದ್ದ ಒಂದೇ ಒಂದು ಸ್ಟೂಲಿನ ಮೇಲೆ ಕೂತರು.

ಅವರ ಮುಂದೆ ಬೆರೆತುಹೋದ ಗುಂಡಿಗಳ ತಟ್ಟೆ ಇತ್ತು. ಬೆರೆತ ಗುಂಡಿ ಎದುರಿಗಿದ್ದರೆ ಮನುಷ್ಯನ ಕೈ ಸುಮ್ಮನೆ ಇರುವುದಿಲ್ಲ, ನೀನೂ ಒಂದು ಸಲ ಕೂತು ನೋಡು. ಮೊದಲು ಒಂದು ಎಡಕ್ಕೆ ಹಾಕಿದರು. ಆಮೇಲೆ ಎರಡು ಬಲಕ್ಕೆ.

"ಅದು ಎರಡು ತೂತು ಸ್ವಾಮಿ, ಎಡಕ್ಕೆ," ಅಂದಳು ತಂಗಿ ಮೆಲ್ಲಗೆ.

"ಹೌದಲ್ವಾ," ಅಂದು ಸರಿಮಾಡಿದರು.

ಒಂದು ಒಡೆದ ಗುಂಡಿಯನ್ನು ಬೆಳಕಿಗೆ ಹಿಡಿದು ಅವರು ಮೈಮರೆತು ನೋಡುತ್ತಿದ್ದಾಗ ಮಗಳು ಒತ್ತಿದಳು. ಒಂದು, ಎರಡು, ಮೂರು. ಯಾರೂ ಅಲ್ಲಾಡಲಿಲ್ಲ, ಅವರೂ ಸಹ. ಪಟ ಎಂಥ ಪಟ ಅಂತೀಯ, ಕಿಟಕಿಯಲ್ಲಿ ಮೋಡದ ಹೊಲಿಗೆ ಕೂಡ ಕಾಣುತ್ತಿತ್ತು. ಮೂವತ್ತೊಂದು ಸ್ಟೂಲು ತುಂಬಿದ್ದವು. ಹಿಂದಿನ ಗಾಜಿನ ಬಾಗಿಲಿನಾಚೆ ಯಜಮಾನರ ಕುರ್ಚಿ ಮಾತ್ರ ಖಾಲಿ.

ಮಗಳು ಅದನ್ನು ಅಚ್ಚು ಹಾಕಿಸಿ ಅವರ ಕೈಗೆ ಕೊಟ್ಟಳು. ಅವರು ತುಂಬ ಹೊತ್ತು ನೋಡಿದರು. ಕುರ್ಚಿ ನೋಡಿದರು, ಸ್ಟೂಲು ನೋಡಿದರು, ತಮ್ಮ ಅಂಗೈ ನೋಡಿಕೊಂಡರು. ಪಟ ಸುಳ್ಳು ಹೇಳುತ್ತದೆ ಅಂದರೆ ಇಷ್ಟು ದಿನದ ಅವರ ಮಾತೆಲ್ಲ ಸುಳ್ಳು, ತಂಗಿ ಉಳಿದಳು. ನಿಜ ಹೇಳುತ್ತದೆ ಅಂದರೂ ತಂಗಿ ಉಳಿದಳು, ಆದರೆ ಅವರು ಯಜಮಾನರಾಗಿ ಉಳಿಯಲಿಲ್ಲ, ತಂಗಿಯ ಕೈಕೆಳಗೆ ಗುಂಡಿ ಆರಿಸುವವರಾದರು.

ಪಟವನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಮಾರನೇ ಬೆಳಿಗ್ಗೆ ಗಂಟೆ ಹೊಡೆಯಿತು. ತಂಗಿ ತನ್ನ ಸ್ಟೂಲಿನ ಮೇಲಿದ್ದಳು. ಯಜಮಾನರು ಬಾಗಿಲಲ್ಲಿ ನಿಂತು ಆ ಕಡೆ ಕುರ್ಚಿ, ಈ ಕಡೆ ಸ್ಟೂಲು ಎರಡನ್ನೂ ನೋಡಿದರು.

ಎಲ್ಲಿ ಕೂತಿರಬಹುದು, ನೀನೇ ಹೇಳು ನೋಡೋಣ.